ಕೊಕನಿ ಮೀನಿಗೆ ಯಾವಾಗ ಹೋಗಬೇಕು? ಕ್ಯಾಲೆಂಡರ್ ಆಮೇಲೆ, ಮೊದಲು ನೀರು ನೋಡಿ

ಪ್ರಶ್ನೆ: ನಾವು ಸಿಯಾಟಲ್ ಹತ್ತಿರ ರೆಡ್ಮಂಡ್‌ನಲ್ಲಿದ್ದೇವೆ. ತೀರ್ಥಹಳ್ಳಿಯಿಂದ ಅಪ್ಪ ಜೂನ್ ಮೊದಲ ವಾರ ಬರುತ್ತಿದ್ದಾರೆ, ಸೆಪ್ಟೆಂಬರ್ ಕೊನೆಯವರೆಗೆ ಇರುತ್ತಾರೆ. ಊರಲ್ಲಿ ಹೊಳೆ ಮೀನು ಹಿಡಿದು ಬೆಳೆದವರು. ಇಲ್ಲಿ ಅವರನ್ನು ಕೊಕನಿ ಸಾಲ್ಮನ್ ಹಿಡಿಯಲು ಕರೆದುಕೊಂಡು ಹೋಗಬೇಕು ಅಂತ ಆಸೆ. ಆಫೀಸಿನ ಗೆಳೆಯನ ಹತ್ತಿರ 14 ಅಡಿಯ ದೋಣಿ, ಸಣ್ಣ ಮೋಟಾರ್ ಇದೆ. ಹೋದ ಆಗಸ್ಟ್‌ನಲ್ಲಿ ಎರಡು ಶನಿವಾರ ಲೇಕ್ ಸ್ಟೀವನ್ಸ್‌ಗೆ ಹೋಗಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಸುತ್ತಿದೆವು. ಒಂದು ಮೀನೂ ಸಿಗಲಿಲ್ಲ. ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು? ಮನೆ ಪಕ್ಕದ ಲೇಕ್ ಸಮಾಮಿಶ್‌ನಲ್ಲೇ ಹಿಡಿಯಬಹುದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಲೇಕ್ ಸಮಾಮಿಶ್ ಬೇಡ. ಅಲ್ಲಿ ಇರುವುದು ಯಾರೋ ತಂದು ಬಿಟ್ಟ ಮರಿಗಳಲ್ಲ, ಆ ಕೆರೆಯದೇ ಕೊಕನಿ. ಸಂಖ್ಯೆ ತೀರಾ ಇಳಿದಿದೆ. ಅಪ್ಪಿತಪ್ಪಿ ಗಾಳಕ್ಕೆ ಬಿದ್ದರೂ ವಾಪಸ್ ನೀರಿಗೆ ಬಿಡಲೇಬೇಕು. ನೀವು ಹೋಗಿದ್ದ ಲೇಕ್ ಸ್ಟೀವನ್ಸ್ ಸರಿಯಾದ ಜಾಗವೇ. ತಪ್ಪಿದ್ದು ಹೊತ್ತು ಮತ್ತು ಆಳ.

ನಿಮ್ಮ ಆ ಎರಡು ಶನಿವಾರ ಮೀನು ನಿಮ್ಮ ದೋಣಿಯ ಕೆಳಗೇ ಇತ್ತು ಅಂತ ನನ್ನ ಲೆಕ್ಕ. ನಿಮ್ಮ ಗಾಳ ಮೇಲಿನ ಹತ್ತಿಪ್ಪತ್ತು ಅಡಿಯಲ್ಲಿ ಓಡಾಡುತ್ತಿತ್ತು, ಮೀನು ಇನ್ನೂ ಮೂವತ್ತು ಅಡಿ ಕೆಳಗೆ ತಣ್ಣಗೆ ಕೂತಿತ್ತು. ನಾನೂ ಮೊದಲ ವರ್ಷ ಇದೇ ಕೆಲಸ ಮಾಡಿದ್ದೇನೆ, ಅದೂ ಮಟಮಟ ಮಧ್ಯಾಹ್ನ. ಮೀನು ಸಿಗಲಿಲ್ಲ, ಮುಖ ಸುಟ್ಟುಕೊಂಡು ಬಂದೆ.

ಕೊಕನಿ ಅಂದರೆ ಸಾಕೈ ಸಾಲ್ಮನ್ನೇ. ಒಂದೇ ವ್ಯತ್ಯಾಸ, ಇದು ಸಮುದ್ರಕ್ಕೆ ಹೋಗುವುದಿಲ್ಲ. ಹುಟ್ಟುವುದು ತೊರೆಯಲ್ಲಿ ಅಥವಾ ಕೆರೆಯ ದಂಡೆಯ ಜಲ್ಲಿಯಲ್ಲಿ, ಬೆಳೆಯುವುದು ಕೆರೆಯಲ್ಲಿ. ಮೂರು ನಾಲ್ಕು ವರ್ಷಕ್ಕೆ ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರಹುಳಗಳನ್ನು, ಅಂದರೆ ಪ್ಲ್ಯಾಂಕ್ಟನ್. ಬೇರೆ ಮೀನಿನ ಬೆನ್ನಟ್ಟುವ ಜಾತಿಯಲ್ಲ. ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು. ಹುಳ ಎಲ್ಲಿದೆಯೋ, ತಂಪು ಎಲ್ಲಿದೆಯೋ, ಆ ಎರಡೂ ಸೇರುವ ಕಡೆ ಕೊಕನಿ ಇರುತ್ತದೆ.

ಅದಕ್ಕೇ ಯಾರಾದರೂ "ಯಾವ ತಿಂಗಳು?" ಅಂತ ಕೇಳಿದರೆ ನಾನು ತಿರುಗಿ "ನೀರು ಎಷ್ಟು ಡಿಗ್ರಿ?" ಅಂತ ಕೇಳುತ್ತೇನೆ. ಕೊಕನಿಗೆ ಇಷ್ಟವಾದ ನೀರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 10ರಿಂದ 13 ಸೆಲ್ಸಿಯಸ್. ಇಲ್ಲಿಯ ಹಳಬರ ಬಾಯಲ್ಲಿ ಓಡಾಡುವ ಸಂಖ್ಯೆ 54. ಆ 54 ಡಿಗ್ರಿಯ ನೀರು ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ವಸಂತದಲ್ಲಿ ಮೇಲೆ ಇರುತ್ತದೆ, ಬೇಸಿಗೆ ಏರಿದ ಹಾಗೆ ಕೆಳಗಿಳಿಯುತ್ತದೆ. ಅದರ ಜೊತೆ ಮೀನೂ ಇಳಿಯುತ್ತದೆ.

ಊರಲ್ಲಿ ಏಪ್ರಿಲ್ ತಿಂಗಳಲ್ಲಿ ಬಾವಿಗೋ ದೊಡ್ಡ ಕೆರೆಗೋ ಹಾರಿದ್ದು ನೆನಪಿದೆಯಾ? ಎದೆಯವರೆಗೆ ಬೆಚ್ಚಗಿನ ನೀರು, ಕಾಲು ಚಾಚಿದರೆ ಪಾದಕ್ಕೆ ಜುಮ್ಮೆನ್ನುವ ತಣ್ಣೀರು. ಇಲ್ಲಿಯ ಕೆರೆಗಳಲ್ಲೂ ಅದೇ ಆಗುತ್ತದೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಬಿಸಿಲಿಗೆ ಕಾದ ನೀರು ಹಗುರ, ಮೇಲೆ ತೇಲುತ್ತದೆ. ತಣ್ಣೀರು ಭಾರ, ಕೆಳಗೆ ಕೂರುತ್ತದೆ. ಎರಡರ ನಡುವೆ ಒಂದು ತೆಳು ಪದರದಲ್ಲಿ ಉಷ್ಣಾಂಶ ದಬಕ್ಕನೆ ಇಳಿಯುತ್ತದೆ. ಅದನ್ನು ಥರ್ಮೋಕ್ಲೈನ್ ಅನ್ನುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಕೊಕನಿ ಇರುವುದು ಆ ಪದರದ ಹತ್ತಿರ ಅಥವಾ ಅದರ ಕೆಳಗೆ. ಮೇಲಿನ ನೀರು 70 ಡಿಗ್ರಿ ದಾಟಿದಾಗ ಅದು ಮೇಲೆ ಯಾಕೆ ಬಂದೀತು?

ಈಗ ತಿಂಗಳುಗಳಿಗೆ ಬರುತ್ತೇನೆ.

ಚಳಿಗಾಲದ ಕೊನೆ ಮತ್ತು ವಸಂತದ ಆರಂಭ ಸ್ವಲ್ಪ ಹಠಮಾರಿಗಳ ಕಾಲ. ಇಡೀ ಕೆರೆ ಮೇಲಿಂದ ಕೆಳಗೆ ಒಂದೇ ತಣ್ಣಗಿರುತ್ತದೆ, ಮೀನು ಎಲ್ಲಿ ಬೇಕಾದರೂ ಇರಬಹುದು. ಆದರೂ ಪೂರ್ವ ವಾಷಿಂಗ್ಟನ್‌ನ ಲೇಕ್ ಶೆಲಾನ್‌ಗೆ ಫೆಬ್ರವರಿ, ಮಾರ್ಚ್‌ನಲ್ಲೇ ಜನ ಹೋಗುತ್ತಾರೆ. ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ಹಿಂದಿನ ಲೇಕ್ ರೂಸ್ವೆಲ್ಟ್‌ನಲ್ಲಿ ಚಳಿಗಾಲದಲ್ಲೂ ಮೇಲ್ನೀರಿನಲ್ಲೇ ದೊಡ್ಡ ಕೊಕನಿ ಸಿಗುತ್ತದೆ. ಈ ಕಾಲದ ಒಂದು ಗುಟ್ಟು: ಆಗ ಬೆಳಗಿನ ಜಾವಕ್ಕಿಂತ ಮಧ್ಯಾಹ್ನವೇ ವಾಸಿ. ಬಿಸಿಲಿಗೆ ಮೇಲ್ನೀರು ಎರಡು ಮೂರು ಡಿಗ್ರಿ ಏರಿದರೂ ಮೀನಿಗೆ ಚುರುಕು ಬರುತ್ತದೆ. ಗಾಳಿ ಆ ಬೆಚ್ಚಗಿನ ನೀರನ್ನು ಒಂದು ದಡಕ್ಕೆ ತಳ್ಳಿದ್ದರೆ ಆ ದಡದಲ್ಲೇ ಹುಡುಕಿ.

ಮೇ ಬಂತು ಅಂದರೆ ಸಣ್ಣ ದೋಣಿಯವರ ಹಬ್ಬ. ಮೇಲಿನ ನೀರೇ 50-55ಕ್ಕೆ ಬಂದಿರುತ್ತದೆ. ಹುಳ ಹೆಚ್ಚಿರುತ್ತದೆ, ಮೀನು ಮೇಲೆ ಬಂದು ಗಬಗಬ ತಿನ್ನುತ್ತದೆ. ಭಾರ ಕಟ್ಟುವ ಕೆಲಸವೇ ಇಲ್ಲ. ದಾರ ಸುಮ್ನೆ ಹಿಂದೆ ಬಿಟ್ಟು ನಿಧಾನ ಹೋದರೆ ಸಾಕು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮೇ ಎರಡನೇ ವಾರದಿಂದ ಜೂನ್ ಮಧ್ಯದವರೆಗೆ. ಮೀನು ಆಗಸ್ಟ್‌ನಷ್ಟು ದಪ್ಪ ಇರುವುದಿಲ್ಲ, ನಿಜ. ಆದರೆ ಸಿಗುತ್ತದೆ. ಮೊದಲ ಸಲ ಬಂದವರಿಗೆ ಸಿಗುವುದೇ ಮುಖ್ಯ, ಅಲ್ವಾ?

ಜೂನ್ ಎರಡು ಮೂರನೇ ವಾರಕ್ಕೆ ಮೀನು ಮೆಲ್ಲಗೆ ಇಳಿಯಲು ಶುರು. 20, 30, 40 ಅಡಿ. ಜುಲೈನಲ್ಲಿ ಇನ್ನೂ ಕೆಳಗೆ. ಇಲ್ಲಿಂದ ಆಚೆ ಡೌನ್‌ರಿಗ್ಗರ್ ಇದ್ದವರು ರಾಜರು. ಅದೇನೂ ದೊಡ್ಡ ಯಂತ್ರವಲ್ಲ. ದೋಣಿಯ ಅಂಚಿಗೆ ಒಂದು ರಾಟೆ, ತಂತಿಯ ತುದಿಗೆ ಎಂಟು ಹತ್ತು ಪೌಂಡಿನ ಸೀಸದ ಗುಂಡು. ಗುಂಡಿನ ಹತ್ತಿರ ನಿಮ್ಮ ದಾರವನ್ನು ಕ್ಲಿಪ್ಪಿಗೆ ಸಿಕ್ಕಿಸಿ ಬೇಕಾದ ಆಳಕ್ಕೆ ಇಳಿಸುವುದು. ಮೀನು ಕಚ್ಚಿದಾಗ ದಾರ ಕ್ಲಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ನಿಮ್ಮ ಗೆಳೆಯನ ದೋಣಿಗೆ ಕೈಯಲ್ಲಿ ತಿರುಗಿಸುವ ಸಣ್ಣದು ಸಾಕು.

ಅದೂ ಬೇಡ ಅಂದರೆ ಲೆಡ್‌ಕೋರ್ ದಾರ ಇದೆ. ಒಳಗೆ ಸೀಸದ ಎಳೆ, ಪ್ರತಿ 10 ಗಜಕ್ಕೊಮ್ಮೆ ಬಣ್ಣ ಬದಲಾಗುತ್ತದೆ. ಒಂದು ಬಣ್ಣ ಬಿಟ್ಟರೆ ಗಾಳ ಸುಮಾರು 5 ಅಡಿ ಇಳಿಯುತ್ತದೆ. ದೋಣಿ ತೀರಾ ನಿಧಾನವಾದರೆ ಇನ್ನೂ ಸ್ವಲ್ಪ ಕೆಳಗೆ. ಬಣ್ಣ ಎಣಿಸಿದರೆ ಆಳ ಗೊತ್ತಾಯಿತು. ಜೂನ್‌ಗೆ ಇದೇ ಬೇಕಾದಷ್ಟು.

ಆಳದ ನೀರಿನ ಉಷ್ಣಾಂಶ ನೋಡುವುದು ಹೇಗೆ ಅಂತ ಕೇಳುತ್ತೀರಿ. ನೀರೊಳಗಿನ ಮೀನು ಪತ್ತೆ ಮಾಡುವ ಫಿಶ್ ಫೈಂಡರ್ ಯಂತ್ರ ತೋರಿಸುವುದು ಸಾಮಾನ್ಯವಾಗಿ ಮೇಲ್ನೀರಿನದು ಮಾತ್ರ. ನಾನು ಮಾಡುವುದು ಹಳ್ಳಿ ಉಪಾಯ. ಒಂದು ಬಾಟಲಿಗೆ ತೂಕ ಕಟ್ಟಿ, ಮುಚ್ಚಳಕ್ಕೆ ತೂತು ಹಾಕಿ, ಒಳಗೆ ಥರ್ಮಾಮೀಟರ್ ಇಟ್ಟು, ಹತ್ತು ಹತ್ತು ಅಡಿಗೆ ಗಂಟು ಹಾಕಿದ ಹಗ್ಗದಲ್ಲಿ ಬಾವಿಗೆ ಕೊಡ ಬಿಟ್ಟ ಹಾಗೆ ಬಿಡುತ್ತೇನೆ. ಐದಾರು ನಿಮಿಷ ಕಾದು ಬೇಗ ಎಳೆದು ಓದುವುದು. ಬಾಟಲಿಯೊಳಗಿನ ನೀರು ಅಷ್ಟು ಬೇಗ ಬಿಸಿಯಾಗುವುದಿಲ್ಲ. ಅಕ್ಕಪಕ್ಕದ ದೋಣಿಯವರು ನಗುತ್ತಾರೆ. ನಗಲಿ ಬಿಡಿ, ಆಮೇಲೆ ಅವರೇ "ಎಷ್ಟು ಬಂತು?" ಅಂತ ಕೇಳುತ್ತಾರೆ.

ಆಗಸ್ಟ್ ಬಗ್ಗೆ ಎರಡು ಮಾತು. ದೊಡ್ಡ ಮೀನು ಬೇಕು ಅನ್ನುವವರಿಗೆ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಒಳ್ಳೆಯದು. ಆ ವರ್ಷ ಮೊಟ್ಟೆಯಿಡುವ ಮೀನು ಪೂರ್ತಿ ಬೆಳೆದಿರುತ್ತದೆ, ಗುಂಪು ಕಟ್ಟುತ್ತದೆ, ಸಿಟ್ಟೂ ಜಾಸ್ತಿ. ಹಸಿವಿಗೆ ಅಲ್ಲ, ಎದುರು ಬಂದದ್ದನ್ನು ಓಡಿಸಲು ಕಚ್ಚುತ್ತದೆ. ಆಮೇಲೆ ಬಣ್ಣ ತಿರುಗುತ್ತದೆ. ಬೆಳ್ಳಿಯಂತೆ ಹೊಳೆಯುತ್ತಿದ್ದ ಮೀನು ಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿಗೆ ಬೆನ್ನು ಗೂನಾಗಿ ಬಾಯಿ ಕೊಕ್ಕೆಯಾಗುತ್ತದೆ. ಕೊಕನಿ ಅನ್ನುವುದು ಇಲ್ಲಿಯ ಮೂಲನಿವಾಸಿಗಳ ಮಾತು, ಅರ್ಥ ಕೆಂಪು ಮೀನು. ನೋಡಲು ಚೆಂದ, ತಿನ್ನಲು ಬೇಡ. ಮೈಯ ಕೊಬ್ಬೆಲ್ಲ ಮೊಟ್ಟೆಗೆ ಹೋಗಿ ಮಾಂಸ ಮೆತ್ತಗೆ, ಸಪ್ಪೆ ಆಗಿರುತ್ತದೆ. ನಾನು ಒಮ್ಮೆ ಸೆಪ್ಟೆಂಬರ್‌ನಲ್ಲಿ ಹೆಮ್ಮೆಯಿಂದ ಎರಡು ಕೆಂಪು ಮೀನು ಮನೆಗೆ ತಂದೆ. ಹೆಂಡತಿ ಒಂದು ತುತ್ತು ತಿಂದು ತಟ್ಟೆ ಸರಿಸಿದಳು. ಈಗಲೂ ಸೆಪ್ಟೆಂಬರ್ ಬಂದರೆ ಆ ಮಾತು ಎತ್ತುತ್ತಾಳೆ.

ನಿಮ್ಮ ಅಪ್ಪನಿಗೆ ಇದನ್ನು ವಿವರಿಸುವುದು ಸುಲಭ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನು ಅವರಿಗೆ ಗೊತ್ತಿರಲೇಬೇಕು. ನಾನೂ ಮಲೆನಾಡಿನವನೇ. ಜೂನ್ ಮಳೆಯ ರಾತ್ರಿ ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟು ಕಾದದ್ದು ಮರೆತಿಲ್ಲ. ಕೊಕನಿಯದ್ದೂ ಅದೇ ಹತ್ತುವ ಆಸೆ, ಮೊಟ್ಟೆಗಾಗಿ. ಮಳೆಗಾಲದ ಶುರುವಿನ ಬದಲು ಇಲ್ಲಿ ಬೇಸಿಗೆ ಮುಗಿದ ಮೇಲೆ. ಹತ್ತಿದ್ದು ವಾಪಸ್ ಇಳಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ದಿನದ ಹೊತ್ತು. ಬೇಸಿಗೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಗಾಳ ನೀರಿನಲ್ಲಿರಬೇಕು. "ಆರಕ್ಕೆ ಮನೆ ಬಿಡೋಣ" ಅಂದರೆ ಆಗಲೇ ತಡ.

ಯಾಕೆ ಅಂದರೆ, ಆ ಪ್ಲ್ಯಾಂಕ್ಟನ್ ಹುಳಗಳು ರಾತ್ರಿ ಮೇಲೆ ಬರುತ್ತವೆ, ಬೆಳಕಾದ ಹಾಗೆ ಕೆಳಗೆ ಇಳಿಯುತ್ತವೆ. ಕೊಕನಿ ಅವುಗಳ ಹಿಂದೆ. ಆದರೆ ಕೊಕನಿ ಕಣ್ಣಿನಿಂದ ನೋಡಿ ತಿನ್ನುವ ಮೀನು, ಕಗ್ಗತ್ತಲೆಯಲ್ಲಿ ಅದಕ್ಕೆ ಊಟ ಸರಿಯಾಗಿ ಸಿಗುವುದಿಲ್ಲ. ಹಾಗಂತ ಪೂರ್ತಿ ಬೆಳಕಾದರೆ ಅದನ್ನೇ ತಿನ್ನುವ ದೊಡ್ಡ ಟ್ರೌಟ್, ಮೇಲಿನಿಂದ ಎರಗುವ ಆಸ್ಪ್ರೇ ಹಕ್ಕಿ, ಎಲ್ಲಕ್ಕೂ ಕೊಕನಿ ಕಾಣುತ್ತದೆ. ತನಗೆ ಹುಳ ಕಾಣಬೇಕು, ತಾನು ಬೇರೆಯವರಿಗೆ ಕಾಣಬಾರದು. ಆ ನಸುಬೆಳಕು ಇರುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಮೋಡ ಇದ್ದರೆ ಅದೇ ಹೊತ್ತು ಎಳೆದು ಹತ್ತು ಗಂಟೆಯವರೆಗೂ ಬರುತ್ತದೆ. ಸಿಯಾಟಲ್ ಮೋಡಕ್ಕೆ ಬೈಯುವವರು ಕೊಕನಿ ಹಿಡಿಯುವವರಲ್ಲ.

ಈ ಬೆಳಕಿನ ಲೆಕ್ಕ ಎಷ್ಟು ಗಟ್ಟಿ ಅನ್ನುವುದಕ್ಕೆ ಮೊಂಟಾನಾದ ಫ್ಲ್ಯಾಟ್‌ಹೆಡ್ ಕೆರೆಯ ಕಥೆ ಹೇಳಬೇಕು, ವಿಷಯ ಸ್ವಲ್ಪ ಅಡ್ಡದಾರಿ ಹಿಡಿದರೂ ಸರಿ. ಕೊಕನಿ ದಪ್ಪ ಆಗಲಿ ಅಂತ ಆ ಭಾಗದ ಮೇಲಿನ ಕೆರೆಗಳಿಗೆ ಮೈಸಿಸ್ ಅನ್ನುವ ಸಣ್ಣ ಸೀಗಡಿ ಬಿಟ್ಟರು. ಅದು ನೀರಿನ ಜೊತೆ ಇಳಿದು 1981ರ ಹೊತ್ತಿಗೆ ಫ್ಲ್ಯಾಟ್‌ಹೆಡ್ ಸೇರಿತು. ಸೀಗಡಿ ಹಗಲು ಕೆರೆಯ ತಳದಲ್ಲಿ ಅಡಗಿ, ರಾತ್ರಿ ಮಾತ್ರ ಮೇಲೆ ಬರುತ್ತಿತ್ತು. ರಾತ್ರಿ ಕೊಕನಿಗೆ ಅದು ಕಾಣುವುದಿಲ್ಲ. ತಿನ್ನಲಿ ಅಂತ ಬಿಟ್ಟ ಸೀಗಡಿ ಕೊಕನಿಯ ಊಟವಾದ ಪ್ಲ್ಯಾಂಕ್ಟನ್ನನ್ನೇ ಖಾಲಿ ಮಾಡಿತು. 1980ರ ದಶಕ ಮುಗಿಯುವುದರೊಳಗೆ ಅಲ್ಲಿ ಕೊಕನಿಯೇ ಮಾಯ. ಪ್ರತಿ ಶರತ್ಕಾಲ ಮ್ಯಾಕ್‌ಡೊನಾಲ್ಡ್ ತೊರೆಗೆ ಈ ಮೀನು ತಿನ್ನಲು ನೂರಾರು ಬಾಲ್ಡ್ ಈಗಲ್‌ಗಳು ಬರುತ್ತಿದ್ದವು. ಅವೂ ಬರುವುದು ಬಿಟ್ಟವು.

ಸಂಜೆಯೂ ನಸುಬೆಳಕು ಇರುತ್ತದಲ್ಲ, ಆಗ ಹೋಗಬಾರದಾ? ಹೋಗಬಹುದು. ಆದರೆ ಲೇಕ್ ಸ್ಟೀವನ್ಸ್ ಊರಿನ ನಡುವಿನ ಕೆರೆ. ಸುಮಾರು ಸಾವಿರ ಎಕರೆ, ಆಳ 150 ಅಡಿಯ ಹತ್ತಿರ. ಬೇಸಿಗೆಯ ಶನಿವಾರ ಸಂಜೆ ಅಲ್ಲಿ ಸ್ಪೀಡ್ ಬೋಟು, ಹಾಡು, ನೀರಿನ ಮೇಲೆ ಜಾರುವ ಹುಡುಗರು. ಅವರು ಎಬ್ಬಿಸುವ ಅಲೆಗೆ ನಿಮ್ಮ 14 ಅಡಿ ದೋಣಿ ತೊಟ್ಟಿಲಾಗುತ್ತದೆ. ಬೆಳಿಗ್ಗೆ ಆ ಕಾಟ ಇಲ್ಲ, ಗಾಳಿಯೂ ಕಡಿಮೆ.

ಗಾಳಿ ಅಂದಾಗ ನೆನಪಾಯಿತು. ಕನ್ನಡಿಯಂಥ ನೀರು, ನೆತ್ತಿಯ ಮೇಲೆ ಬಿಸಿಲು ಇದ್ದರೆ ನನಗೆ ಭರವಸೆ ಕಡಿಮೆ. ಸಣ್ಣಗೆ ತೆರೆ ಏಳುವಷ್ಟು ಗಾಳಿ ಇದ್ದರೆ ಖುಷಿ, ಬೆಳಕು ಒಳಗೆ ಅಷ್ಟು ಇಳಿಯುವುದಿಲ್ಲ. ಅಲೆಗೆ ಬಿಳಿ ನೊರೆ ಬಂದರೆ ಮೀನಿನ ಮಾತು ಬಿಟ್ಟು ದಡಕ್ಕೆ ಬನ್ನಿ. ಹುಣ್ಣಿಮೆ ಬಗ್ಗೆ ಇಲ್ಲಿಯ ಮೀನುಗಾರರಲ್ಲಿ ಒಂದು ನಂಬಿಕೆ ಇದೆ: ಬೆಳದಿಂಗಳಲ್ಲಿ ಮೀನು ರಾತ್ರಿಯೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಬೆಳಿಗ್ಗೆ ಕಚ್ಚುವುದಿಲ್ಲ. ನನ್ನ ಅನುಭವದಲ್ಲಿ ಹೌದು ಅನ್ನಿಸಿದ್ದೂ ಉಂಟು, ಅಲ್ಲ ಅನ್ನಿಸಿದ್ದೂ ಉಂಟು. ಎರಡು ದಿನದ ಆಯ್ಕೆ ಇದ್ದರೆ ನಾನು ಹುಣ್ಣಿಮೆ ಬಿಡುತ್ತೇನೆ. ಒಂದೇ ರಜೆ ಇದ್ದರೆ ಚಂದ್ರನನ್ನು ಕೇಳುವುದಿಲ್ಲ.

ವರ್ಷದಿಂದ ವರ್ಷಕ್ಕೂ ವ್ಯತ್ಯಾಸ ಇರುತ್ತದೆ. ಒಂದು ಕೆರೆಯಲ್ಲಿ ಕೊಕನಿ ತುಂಬ ಇದ್ದರೆ ಊಟ ಹಂಚಿಹೋಗಿ ಎಲ್ಲವೂ ಗಿಡ್ಡ. ಕಡಿಮೆ ಇದ್ದರೆ ಒಂದೊಂದೂ ದಪ್ಪ. ಸಾಮಾನ್ಯವಾಗಿ ನಿಮಗೆ ಸಿಗುವುದು ಒಂದಡಿ, ಮೇಲೆ ಎರಡು ಮೂರು ಇಂಚು. ಜೂನ್ 2010ರಲ್ಲಿ ಆರೆಗನ್‌ನ ವಾಲೋವಾ ಕೆರೆಯಲ್ಲಿ ಸಿಕ್ಕ ದಾಖಲೆ ಕೊಕನಿ 9 ಪೌಂಡ್ ದಾಟಿತ್ತು, ಅಂದರೆ ನಾಲ್ಕು ಕೆಜಿಗೂ ಹೆಚ್ಚು. ಅಂಥದ್ದು ನಿಮಗೂ ನನಗೂ ಬರುವುದಿಲ್ಲ, ಸದ್ಯಕ್ಕೆ.

ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಅಪ್ಪ ಜೂನ್ ಮೊದಲ ವಾರ ಇಳಿಯುತ್ತಾರೆ. ಭಾರತದಿಂದ ಬಂದವರು ಮೊದಲ ವಾರ ರಾತ್ರಿ ಎರಡು ಮೂರಕ್ಕೇ ಎದ್ದು, ಕತ್ತಲಲ್ಲಿ ಕಾಫಿ ಮಾಡಿಕೊಂಡು ಕಿಟಕಿ ನೋಡುತ್ತಾ ಕೂತಿರುತ್ತಾರೆ. ಮನೆಯವರೆಲ್ಲ ಗೊಣಗುವ ಆ ಜೆಟ್ ಲ್ಯಾಗ್ ಕೊಕನಿಗೆ ಹೇಳಿ ಮಾಡಿಸಿದ್ದು. ಜೂನ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಐದು ಗಂಟೆ ಹತ್ತು ನಿಮಿಷದ ಹೊತ್ತಿಗೆ, ನಾಲ್ಕೂವರೆಗೇ ಬೆಳಕು. ಅವರು ಬಂದ ನಾಲ್ಕೈದು ದಿನಕ್ಕೇ ಹೋಗಿ, ಸಾಧ್ಯವಾದರೆ ವಾರದ ನಡುವೆ ಒಂದು ದಿನ ರಜೆ ಹಾಕಿ. ಮೂರೂಕಾಲಿಗೆ ಮನೆ ಬಿಟ್ಟರೆ ನಾಲ್ಕೂವರೆಗೆ ದೋಣಿ ನೀರಿಗೆ. ಎಬ್ಬಿಸುವ ಕಷ್ಟ ನಿಮ್ಮನ್ನೇ ಹೊರತು ಅವರನ್ನಲ್ಲ.

ಮೊದಲು 15 ಅಡಿಯಲ್ಲಿ ಶುರು ಮಾಡಿ. ಬಿಸಿಲು ಏರಿದ ಹಾಗೆ 20, 30 ಅಂತ ಇಳಿಸುತ್ತಾ ಹೋಗಿ. ದೋಣಿಯ ವೇಗ ಗಂಟೆಗೆ ಒಂದರಿಂದ ಒಂದೂವರೆ ಮೈಲಿ, ಮನುಷ್ಯ ನಡೆಯುವುದಕ್ಕಿಂತ ನಿಧಾನ. ನೇರ ಹೋಗಬೇಡಿ, ಹಾವಿನ ಹಾಗೆ ಹೋಗಿ. ತಿರುವಿನಲ್ಲಿ ಒಂದು ಗಾಳ ಚುರುಕಾಗುತ್ತದೆ, ಇನ್ನೊಂದು ನಿಧಾನವಾಗುತ್ತದೆ. ಯಾವುದಕ್ಕೆ ಕಚ್ಚಿತು ನೋಡಿದರೆ ಮೀನಿಗೆ ಯಾವ ವೇಗ ಬೇಕು ಅನ್ನುವುದು ಗೊತ್ತಾಗುತ್ತದೆ. ಮುಂದೆ ಹೊಳೆಯುವ ಡಾಡ್ಜರ್ ತಗಡು, ಹಿಂದೆ ಗುಲಾಬಿ ಅಥವಾ ಕಿತ್ತಳೆ ಬಣ್ಣದ ಸಣ್ಣ ಸ್ಪಿನ್ನರ್. ಗಾಳದ ತುದಿಗೆ ಡಬ್ಬಿಯ ಬಿಳಿ ಮೆಕ್ಕೆಜೋಳದ ಎರಡು ಕಾಳು. ಹುಳ ತಿನ್ನುವ ಮೀನು ಜೋಳ ಯಾಕೆ ಕಚ್ಚುತ್ತದೆ ಅಂತ ಅಪ್ಪ ಕೇಳಿಯೇ ಕೇಳುತ್ತಾರೆ. ನಾನೂ ವರ್ಷಗಳಿಂದ ಕೇಳುತ್ತಿದ್ದೇನೆ.

ಕೊಕನಿಯ ಬಾಯಿ ತೀರಾ ಮೃದು. ಊರಿನ ಅಭ್ಯಾಸದಲ್ಲಿ ಕಚ್ಚಿದ ಕೂಡಲೇ ಜಗ್ಗಿ ಎಳೆದರೆ ತುಟಿ ಹರಿದು ಮೀನು ಹೋಗುತ್ತದೆ. ಬಾಗುವ ಕೋಲು, ಸಡಿಲ ರೀಲು, ಕೊನೆಯಲ್ಲಿ ಬಲೆ. ಇದನ್ನು ಮೊದಲೇ ಹೇಳಿಡಿ. ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು ಐಸಿಗೆ ಹಾಕಿ. ಮನೆಗೆ ಬಂದು ರವಾ ಫ್ರೈ ಮಾಡಿದರೆ ಇದಕ್ಕೆ ಸಮ ಇಲ್ಲ. ಎಣ್ಣೆಯಂಶ ಜಾಸ್ತಿ. ಮಾಂಸ ತೆಳು, ಹಾಗಾಗಿ ಬೇಗ ಬೇಯುತ್ತದೆ.

ಜೂನ್‌ನಲ್ಲಿ ಹೋಗಲು ಆಗದಿದ್ದರೆ? ಜುಲೈ ಕೊನೆ, ಆಗಸ್ಟ್ ಮೊದಲ ವಾರ ನೋಡಿ. ಆದರೆ ಆಗ ಡೌನ್‌ರಿಗ್ಗರ್ ಇಲ್ಲದೆ ಹೊರಡಬೇಡಿ. ಸೆಪ್ಟೆಂಬರ್‌ನಲ್ಲಿ ಗಾಳ ಮನೆಯಲ್ಲಿಟ್ಟು ಅಪ್ಪನನ್ನು ಇಸಾಕ್ವಾ ಮೀನು ಸಾಕಣೆ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಏರುವುದು ಕೊಕನಿಯಲ್ಲ, ಚಿನೂಕ್ ಮತ್ತು ಕೋಹೋ ಸಾಲ್ಮನ್. ಆದರೂ ಹತ್ತುಮೀನು ಕಂಡವರಿಗೆ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ.

ಲೈಸೆನ್ಸ್ ಮರೆಯಬೇಡಿ. 15 ವರ್ಷ ತುಂಬಿದ ಎಲ್ಲರಿಗೂ ಬೇಕು, ಅಪ್ಪನಿಗೂ. ಪ್ರವಾಸಿಗರಿಗೆ ಒಂದು, ಎರಡು, ಮೂರು ದಿನದ ಲೈಸೆನ್ಸ್ ಸಿಗುತ್ತದೆ. ನಿಮ್ಮ ವರ್ಷದ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ, ಯಾವಾಗ ತೆಗೆದುಕೊಂಡಿದ್ದರೂ. ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನುವುದು ಕೆರೆಯಿಂದ ಕೆರೆಗೆ ಬದಲಾಗುತ್ತದೆ. ಹಿಂದಿನ ರಾತ್ರಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ನಿಯಮ ಒಮ್ಮೆ ನೋಡಿಕೊಳ್ಳಿ. ಈಜು ಬಂದರೂ ಎಲ್ಲರೂ ಲೈಫ್ ಜಾಕೆಟ್ ಹಾಕಿ. ತುಂಗೆಯಲ್ಲಿ ಈಜಿದವರಿಗೆ ಈ ನೀರಿನ ಚಳಿ ಗೊತ್ತಿರುವುದಿಲ್ಲ, ಬಿದ್ದ ಕೂಡಲೇ ಉಸಿರು ಕಟ್ಟುತ್ತದೆ.

ತಿಂಡಿಗೆ ಚಪಾತಿ, ಚಿತ್ರಾನ್ನ, ಏನು ಬೇಕಾದರೂ ಕಟ್ಟಿಕೊಳ್ಳಿ. ಬಾಳೆಹಣ್ಣು ಮಾತ್ರ ಬೇಡ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲ ಅಂತ ಇಲ್ಲಿಯ ಮೀನುಗಾರರು ಗಟ್ಟಿಯಾಗಿ ನಂಬುತ್ತಾರೆ. ಅಪ್ಪನ ಚೀಲದಲ್ಲಿ ಹೇಗೂ ಎರಡು ಇರುತ್ತವೆ. ದೋಣಿ ಹತ್ತುವ ಮೊದಲೇ ತಿಂದು ಮುಗಿಸಲಿ, ನಿಮ್ಮ ಗೆಳೆಯ ನೋಡುವುದರೊಳಗೆ.